ಮಡಿಕೇರಿ ಪೇಟೆಯ ಸುಲೈಮಾನಿ: ನಡೆದುಕೊಂಡೇ ಕುಡಿಯಬೇಕು

ಮೊದಲೇ ಹೇಳಿಬಿಡುತ್ತೇನೆ, ಮಡಿಕೇರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾಫಿ ಅಲ್ಲ, ಸುಲೈಮಾನಿ. ಕಾಫಿ ನಾಡಲ್ಲಿ ಕೂತು ಟೀ ಹೊಗಳುವುದು ಕೆಲವರಿಗೆ ಸರಿ ಬರಲಿಕ್ಕಿಲ್ಲ. ಆದರೆ ಈ ಊರು ಹೇಗೆ ಬೆಳೆಯಿತು, ಎಲ್ಲೆಲ್ಲಿಂದ ಯಾರ್ಯಾರು ಬಂದು ಇಲ್ಲಿ ನೆಲೆ ನಿಂತರು ಅಂತ ಗೊತ್ತಾಗಬೇಕಾದರೆ ಎಸ್ಟೇಟಿನ ಕಾಫಿ ಟೂರಿಗಿಂತ ಪೇಟೆಯ ಸಣ್ಣ ಹೋಟೆಲುಗಳೇ ವಾಸಿ. ಅದಕ್ಕೇ ಮಡಿಕೇರಿಗೆ ಬರುವ ಗೆಳೆಯರಿಗೆಲ್ಲ ನಾನು ಹೇಳುವುದು ಇದನ್ನೇ: ಗಾಡಿ ಹೋಮ್‌ಸ್ಟೇಯಲ್ಲೇ ಇರಲಿ, ಅರ್ಧ ದಿನ ಬಿಡುವು ಮಾಡಿಕೊಳ್ಳಿ, ಬಸ್ ಸ್ಟ್ಯಾಂಡಿನಿಂದ ಮಹದೇವಪೇಟೆ, ಗದ್ದುಗೆ, ಓಂಕಾರೇಶ್ವರ, ಕೋಟೆ ಅಂತ ನಡೆಯಿರಿ, ದಾರಿಯಲ್ಲಿ ಸುಲೈಮಾನಿ ಸಿಕ್ಕಲ್ಲೆಲ್ಲ ನಿಂತು ಒಂದು ಗ್ಲಾಸ್ ಕುಡಿಯಿರಿ.

ಅಂಗಡಿಗಳ ಹೆಸರು ಹಾಕುತ್ತಿಲ್ಲ. ಎಷ್ಟೋ ಅಂಗಡಿಗೆ ಬೋರ್ಡೇ ಇಲ್ಲ. ಇದ್ದರೂ ಊರವರು ಆ ಹೆಸರು ಹೇಳುವುದಿಲ್ಲ, 'ಕಾಕನ ಹೋಟೆಲ್' ಅಂದರೆ ಮುಗೀತು. ಕಾಕ ಅಂದರೆ ಮಲಬಾರಿ ಮುಸ್ಲಿಂ ಹಿರಿಯರನ್ನು ಕರೆಯುವ ಮಾತು. ಯಾವ ಕಾಕ ಅಂತ ಕೇಳಿದರೆ ಬೀದಿ ಹೇಳುತ್ತಾರೆ. ನಾನೂ ಬೀದಿಯನ್ನೇ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ. ಸುಲೈಮಾನಿ ಅಂದರೆ ಹಾಲು ಹಾಕದ ಟೀ. ಸಕ್ಕರೆ, ನಿಂಬೆ, ಏಲಕ್ಕಿ ಇರಲೇಬೇಕು. ಲವಂಗ, ಚಕ್ಕೆ, ಪುದೀನ, ಶುಂಠಿ ಎಲ್ಲ ಮಾಡುವವರ ಇಷ್ಟ. ಕೇರಳದ ಉತ್ತರ ಭಾಗವಾದ ಮಲಬಾರಿನ ಮುಸ್ಲಿಮರು, ಅಂದರೆ ಮಾಪಿಳ್ಳೆಗಳ ಮನೆಯಲ್ಲಿ ಬಿರಿಯಾನಿ ಉಂಡ ಮೇಲೆ ಇದು ಬೇಕೇ ಬೇಕು, ಹೊಟ್ಟೆ ಹಗುರ ಆಗುತ್ತದೆ ಅಂತ. ಬರೀ ಟೀ ಸೊಪ್ಪು, ಸಕ್ಕರೆ ಹಾಕಿ ಕೊಡುವುದು ಕಟ್ಟನ್ ಚಾಯ. ಅದು ಬೇರೆ, ಇದು ಬೇರೆ. ಕೆಲವು ಕಡೆ ಸುಲೈಮಾನಿ ಕೇಳಿದರೆ ಕಟ್ಟನ್‌ಗೆ ನಿಂಬೆ ಹಿಂಡಿ ಕೈಗೆ ಕೊಡುತ್ತಾರೆ. ಕುಡಿಯಬಹುದು, ಆದರೆ ಅದು ಅವಸರದ ಕೆಲಸ.

ಚೆನ್ನಾಗಿ ಮಾಡುವುದನ್ನು ನೋಡಬೇಕಾದರೆ ಮಹದೇವಪೇಟೆಗೆ ಬನ್ನಿ. ಚೌಕಿಯಿಂದ ಮಾರ್ಕೆಟ್ ಕಡೆ ಹೋಗುವ ರಸ್ತೆಯಲ್ಲಿ ಎರಡು ಬೆಂಚು, ಒಂದು ಗಾಜಿನ ಪೆಟ್ಟಿಗೆ, ಒಳಗೆ ಸ್ಟೌ, ಇಷ್ಟೇ ಇರುವ ಒಂದು ಅಂಗಡಿ ಇದೆ. ಅಲ್ಲಿನ ಕಾಕ ಏಲಕ್ಕಿಯನ್ನು ಸಿಪ್ಪೆ ಸಮೇತ ಜಜ್ಜಿ ನೀರಿಗೆ ಹಾಕುತ್ತಾರೆ, ಜೊತೆಗೆ ಒಂದೆರಡು ಲವಂಗ. ನೀರು ಚೆನ್ನಾಗಿ ಕುದಿದು ಏಲಕ್ಕಿ ಘಮ ಹೊರಗೆ ರಸ್ತೆಗೆ ಬಂದ ಮೇಲೆ ಸಕ್ಕರೆ. ಆಮೇಲೆ ಸ್ಟೌ ಆರಿಸಿ ಟೀ ಸೊಪ್ಪು ಹಾಕಿ ಮುಚ್ಚುತ್ತಾರೆ. ಇಲ್ಲೇ ಇರೋದು ವಿಷಯ. ಹಾಲಿನ ಟೀ ಥರ ಸೊಪ್ಪನ್ನು ಕುದಿಸುತ್ತಾ ಬಿಟ್ಟರೆ ಒಗರು ಬಿಟ್ಟುಕೊಳ್ಳುತ್ತದೆ, ಅದನ್ನು ಮುಚ್ಚಿಹಾಕಲು ಇಲ್ಲಿ ಹಾಲಿಲ್ಲ. ಎರಡು ಮೂರು ನಿಮಿಷಕ್ಕೆ ಸೋಸಿ, ಗ್ಲಾಸಿಗೆ ಹಾಕಿ, ಕೊನೆಗೆ ಅರ್ಧ ನಿಂಬೆಹಣ್ಣನ್ನು ಗ್ಲಾಸಿನ ಮೇಲೇ ಹಿಂಡುತ್ತಾರೆ. "ನಿಂಬೆಗೆ ಬೆಂಕಿ ತೋರಿಸಬಾರದು ಮೋನೇ, ಕಹಿ ಆಗ್ತದೆ" ಅಂತ ಕಾಕ ಹೇಳಿದ್ದು.

ನಿಂಬೆ ಬಿದ್ದ ಕೂಡಲೇ ಬಣ್ಣ ನೋಡಿ. ಕಡು ಕೆಂಪಗಿದ್ದದ್ದು ಕ್ಷಣದಲ್ಲಿ ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಟೀಗೆ ಕೆಂಪು ಕೊಡುವ ಅಂಶಗಳು ಹುಳಿ ಬಿದ್ದಾಗ ಬಣ್ಣ ಕಳೆದುಕೊಳ್ಳುತ್ತವೆ, ಅಷ್ಟೇ ಅದರ ಗುಟ್ಟು. ಆದರೂ ಪ್ರತಿ ಸಲ ನೋಡೋಕೆ ಚೆಂದ. ಅದಕ್ಕೇ ಗಾಜಿನ ಗ್ಲಾಸಿನಲ್ಲೇ ಕೊಡಿ ಅಂತ ಕೇಳಿ ಕುಡಿಯಿರಿ. ಪೇಪರ್ ಕಪ್ಪಿನಲ್ಲಿ ಬಣ್ಣವೂ ಕಾಣುವುದಿಲ್ಲ, ಏಲಕ್ಕಿಗಿಂತ ಮುಂಚೆ ಕಾಗದದ ವಾಸನೆ ಮೂಗಿಗೆ ಬಡಿಯುತ್ತದೆ.

ಈ ಗ್ಲಾಸಿನೊಳಗೆ ಇರುವುದನ್ನು ಒಮ್ಮೆ ಯೋಚನೆ ಮಾಡಿ. ಮಾಡುವ ಪದ್ಧತಿ ಮಲಬಾರಿನದು. ಏಲಕ್ಕಿ ಕೊಡಗಿನದೇ, ಕೊಡಗಿನ ಏಲಕ್ಕಿಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಕೂಡ ಇದೆ. ಕಣ್ಣೂರು, ತಲಶೇರಿ ಕಡೆಯಿಂದ ಘಟ್ಟ ಹತ್ತಿ ಬರುವ ವ್ಯಾಪಾರ ಇವತ್ತಿನದಲ್ಲ. ಉಪ್ಪು, ಒಣಮೀನು ಮೇಲೆ ಬರುತ್ತಿತ್ತು, ಅಕ್ಕಿ, ಏಲಕ್ಕಿ ಎತ್ತುಗಳ ಬೆನ್ನ ಮೇಲೆ ಕೆಳಗೆ ಹೋಗುತ್ತಿತ್ತು. ಇವತ್ತೂ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಇರಿಟ್ಟಿ ಕಡೆ ಬಸ್ಸುಗಳು ಓಡಾಡುತ್ತಲೇ ಇವೆ. ಹಾಗೆ ವ್ಯಾಪಾರಕ್ಕೆ ಬಂದವರು, ಕೂಲಿಗೆ ಬಂದವರು, ಮರದ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ಹೋಟೆಲ್, ದಿನಸಿ, ಮೀನು, ಬೇಕರಿ ಎಲ್ಲ ಅವರ ಕೈಯಲ್ಲಿ ಬೆಳೆಯಿತು. ಇದರ ಜೊತೆ ದಕ್ಷಿಣ ಕೊಡಗಿನಲ್ಲಿ ಕೊಡವ ತಕ್ಕ್ ಮಾತಾಡುವ, ಕೊಡವರ ಹಾಗೆ ಮನೆತನದ ಹೆಸರು ಇಟ್ಟುಕೊಂಡಿರುವ ಜಮ್ಮ ಮಾಪಿಳ್ಳೆಗಳೂ ಇದ್ದಾರೆ. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಮಾತಾಡಬೇಡಿ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಕೊಡಗಿಗೆ ಕಾಫಿ ತಂದವರು ಬ್ರಿಟಿಷರು ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಆದರೆ ರಾಜರ ಕಾಲದಲ್ಲೇ ನಾಲ್ಕುನಾಡಿನ ಹತ್ತಿರ ಜಮೀನು ಪಡೆದಿದ್ದ ಮಾಪಿಳ್ಳೆಗಳು ಇಲ್ಲಿಗೆ ಕಾಫಿ ಗಿಡ ತಂದರು ಅನ್ನುವ ನಂಬಿಕೆಯನ್ನು ಬ್ರಿಟಿಷರ ಕಾಲದ ಗೆಜೆಟಿಯರೇ ದಾಖಲಿಸಿದೆ. ಮಡಿಕೇರಿಯಲ್ಲಿ ಫೌಲರ್ ಅನ್ನುವವರು ಮೊದಲ ಯುರೋಪಿಯನ್ ತೋಟ ಮಾಡಿದ್ದು 1854ರಲ್ಲಿ, ಅದಕ್ಕೆ ಎಷ್ಟೋ ವರ್ಷ ಆದ ಮೇಲೆ. ಅಂದರೆ ನಾವು ನಮ್ಮದು ನಮ್ಮದು ಅಂತ ಹೆಮ್ಮೆ ಪಡುವ ಕಾಫಿಯೂ ಹೊರಗಿನಿಂದ ಬಂದವರ ಕೈಯಲ್ಲೇ ಬಂದದ್ದು. ಮಹದೇವಪೇಟೆಯ ಬೆಂಚಿನ ಮೇಲೆ ಒಬ್ಬರು ಕಾಫಿ, ಪಕ್ಕದವರು ಸುಲೈಮಾನಿ ಹಿಡಿದು ಕೂತಿರುವಾಗ ನನಗೆ ಇದು ನೆನಪಾಗುತ್ತದೆ.

ಅಷ್ಟೇಕೆ, ಈ ಊರು ಕಟ್ಟಿದ ರಾಜರೂ ಹೊರಗಿನವರೇ. ಹಾಲೇರಿ ಮನೆತನ ಇಕ್ಕೇರಿ ಕಡೆಯಿಂದ ಬಂದ ಲಿಂಗಾಯತರದು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ, ಅದೇ ಮುದ್ದುರಾಜಕೇರಿ, ಈಗಿನ ಮಡಿಕೇರಿ.

ನಡಿಗೆಗೆ ಶುಕ್ರವಾರ ಒಳ್ಳೆಯದು, ಸಂತೆ ದಿನ. ಮಾರ್ಕೆಟ್ ಸುತ್ತ ಒಂದು ಸುತ್ತು ಹಾಕಿದರೆ ಸಾಕು, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ತಮಿಳು, ಉರ್ದು ಎಲ್ಲ ಕಿವಿಗೆ ಬೀಳುತ್ತದೆ. ನಡುವೆ ಎಲ್ಲರನ್ನೂ ಸೇರಿಸುವ ಕನ್ನಡ. ಈಗ ಅಸ್ಸಾಮಿಯೂ ಇದೆ. ತೋಟಗಳಲ್ಲಿ ಕೆಲಸಕ್ಕೆ ಅಸ್ಸಾಮಿನಿಂದ ಬಂದವರು ತುಂಬಾ ಜನ ಇದ್ದಾರೆ, ಸಂತೆಗೆ ಬರುತ್ತಾರೆ. ನಾನು ಹೇಳಿದ ಅದೇ ಅಂಗಡಿಯಲ್ಲಿ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ಹೆಗಲ ಮೇಲೆ ಅಕ್ಕಿ ಚೀಲ, ಬಂದು "ಲಾಲ್ ಚಾ" ಅಂದ. ಕಾಕ ಏನೂ ಕೇಳಲಿಲ್ಲ. ಏಲಕ್ಕಿ ಇಲ್ಲದ ಇನ್ನೊಂದು ಪಾತ್ರೆಯಿಂದ ಬಗ್ಗಿಸಿ, ನಿಂಬೆ ಹಿಂಡದೆ, ಸಕ್ಕರೆ ಕಮ್ಮಿ ಮಾಡಿ ಕೊಟ್ಟರು. ಹಾಲಿಲ್ಲದ ಕೆಂಪು ಟೀ ಅಸ್ಸಾಮಿನವರ ಮನೆ ಮನೆಯ ರೂಢಿ. ಟೀ ಬೆಳೆಯುವ ನಾಡಿನಿಂದ ಕಾಫಿ ಕೊಯ್ಯಲು ಬಂದವನಿಗೆ ತನ್ನ ಮನೆಯ ಟೀ ಸಿಕ್ಕಿದ್ದು ಮಲಬಾರಿ ಹೋಟೆಲಿನಲ್ಲಿ. ಮೂರು ತಲೆಮಾರಿನ ಹಿಂದೆ ಇಲ್ಲಿಗೆ ಬಂದವರ ಮನೆಯವರು ಈಗ ಬಂದವನಿಗೆ ಏನು ಬೇಕು ಅಂತ ಕೇಳದೆಯೇ ಅರ್ಥ ಮಾಡಿಕೊಂಡರಲ್ಲ, ಆ ಅಂಗಡಿಗೆ ನಾನು ಪೂರ್ತಿ ಐದು ಸ್ಟಾರ್ ಕೊಡುವುದು ಇದಕ್ಕೇ. ಟೀ ರುಚಿಯೂ ಇದೆ, ಅದು ಬೇರೆ ಮಾತು.

ಅಲ್ಲಿ ತಿನ್ನೋಕೆ ಪಳಂಪೊರಿ ತಗೊಳ್ಳಿ. ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅದರ ಸಿಹಿಗೆ ಸುಲೈಮಾನಿಯ ಹುಳಿ ಸರಿಯಾಗಿ ಹೊಂದುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿ ಸಿಗುತ್ತದೆ. ಮಧ್ಯಾಹ್ನದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಉಳಿದದ್ದು ಎಣ್ಣೆ ಬಿಟ್ಟಿರುತ್ತದೆ, ಬೇಡ.

ಮಹದೇವಪೇಟೆಯಿಂದ ಹಾಗೇ ಮುಂದೆ ನಡೆದರೆ ಗದ್ದುಗೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ, ಬಂದರೂ ಫೋಟೋ ತೆಗೆದು ಹೋಗುತ್ತಾರೆ. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯ ಸಮಾಧಿ ಮಧ್ಯದಲ್ಲಿ, ಪಕ್ಕದಲ್ಲಿ ಲಿಂಗರಾಜೇಂದ್ರನದು. ಮಧ್ಯ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ದೂರದಿಂದ ನೋಡಿದವರು ದರ್ಗಾ ಅಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಬಸವ ಕೂತಿದ್ದಾನೆ, ಒಳಗೆ ಶಿವಲಿಂಗ. ಇದೇ ಆವರಣದಲ್ಲಿ ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪು ಸಮಾಧಿಯೂ ಇದೆ. ಲಿಂಗಾಯತ ರಾಜ, ಮುಸ್ಲಿಂ ಶೈಲಿಯ ಗುಮ್ಮಟ, ಕೊಡವ ವೀರ, ಎಲ್ಲ ಒಂದೇ ಅಂಗಳದಲ್ಲಿ. ಇಲ್ಲಿ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ, ಹುಲ್ಲಿದೆ, ಗಾಳಿ ಇದೆ, ಪೇಟೆ ಕೆಳಗೆ ಕಾಣುತ್ತದೆ. ಹತ್ತಿರದಲ್ಲಿ ಟೀ ಅಷ್ಟು ಚೆನ್ನಾಗಿ ಸಿಗುವುದಿಲ್ಲ, ಒಂದು ಪೆಟ್ಟಿ ಅಂಗಡಿಯಲ್ಲಿ ಫ್ಲಾಸ್ಕಿನಿಂದ ಬಗ್ಗಿಸಿದ ಸುಲೈಮಾನಿ ಕೊಟ್ಟರು. ಬೆಳಿಗ್ಗೆ ಮಾಡಿಟ್ಟದ್ದು. ಒಗರಾಗಿತ್ತು, ನಿಂಬೆಯ ಘಮ ಹೋಗಿತ್ತು. ಫ್ಲಾಸ್ಕ್ ಕಂಡರೆ ಮುಂದೆ ಹೋಗಿ.

ಅಲ್ಲಿಂದ ವಾಪಸ್ ಪೇಟೆಗೆ ಬಂದು ಓಂಕಾರೇಶ್ವರಕ್ಕೆ ಇಳಿಯಿರಿ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ದೇವಸ್ಥಾನ. ಇಲ್ಲಿಯೂ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮುಂದೆ ಕೆರೆ, ಕೆರೆಯ ನಡುವೆ ಮಂಟಪ. ಗದ್ದುಗೆ ನೋಡಿ ಬಂದವರಿಗೆ ಇದು ಆಶ್ಚರ್ಯ ಅನಿಸುವುದಿಲ್ಲ, ಈ ಊರು ಹೀಗೇ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಅದಕ್ಕೇ ಗದ್ದುಗೆ ಮೊದಲು, ಓಂಕಾರೇಶ್ವರ ಆಮೇಲೆ. ದೇವಸ್ಥಾನದ ಕಡೆ ಇಳಿಯುವ ರಸ್ತೆಯಲ್ಲಿ ಒಬ್ಬ ಅಕ್ಕ ಕೈಗಾಡಿ ಇಟ್ಟುಕೊಂಡಿದ್ದಾರೆ. ಅರೆಭಾಷೆ ಮಾತಾಡುವವರು. ಅವರು ಇದನ್ನು ಸುಲೈಮಾನಿ ಅನ್ನುವುದಿಲ್ಲ, ಲೆಮನ್ ಟೀ ಅಂತಾರೆ. ಆದರೆ ಸಕ್ಕರೆ ಬದಲು ಬೆಲ್ಲ, ಏಲಕ್ಕಿ ಜೊತೆ ಕಾಳುಮೆಣಸು. ನಮ್ಮ ಕಡೆ ಮನೆಗಳಲ್ಲಿ ಮಳೆಗಾಲಕ್ಕೆ ಬೆಲ್ಲದ ಕಾಫಿ ಮಾಡುತ್ತಾರಲ್ಲ, ಹಾಲಿಲ್ಲದ್ದು, ಆ ಕೈ ಇಲ್ಲಿ ಟೀಗೆ ಬಂದಿದೆ. ಬೆಲ್ಲದಿಂದ ಬಣ್ಣ ಕಪ್ಪಾಗಿ ಆ ಜೇನಿನ ಬಣ್ಣ ಸಿಗುವುದಿಲ್ಲ. ರುಚಿ ಮಾತ್ರ ಗಂಟಲಲ್ಲಿ ನಿಲ್ಲುತ್ತದೆ, ಜುಲೈ ಮಳೆಯಲ್ಲಿ ನೆನೆದು ಬಂದವರಿಗೆ ಇದಕ್ಕಿಂತ ಬೇರೆ ಬೇಡ. ಮಲಬಾರಿನವರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಇದು ಕೊಡಗಿನದೇ ಸುಲೈಮಾನಿ.

ಕೋಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಕರೆದ, 1790ರಲ್ಲಿ ದೊಡ್ಡವೀರರಾಜೇಂದ್ರನ ಕೈಗೆ ಬಂತು, 1834ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಒಳಗೆ ಅರಮನೆ, ಗಣಪತಿ ದೇವಸ್ಥಾನ, ಬ್ರಿಟಿಷರ ಚರ್ಚ್ ಎಲ್ಲ ಇದೆ. ಚರ್ಚ್ ಈಗ ಮ್ಯೂಸಿಯಂ. ಎರಡು ಕಲ್ಲಾನೆಗಳ ಹತ್ತಿರ ಮಕ್ಕಳು ಖುಷಿ ಪಡುತ್ತಾರೆ. ಕೋಟೆಯಿಂದ ಇಳಿದು ಬಂದಾಗ ಮುಖ್ಯ ರಸ್ತೆಯ ಬೇಕರಿಗಳಲ್ಲಿ ಸುಲೈಮಾನಿ ಕೇಳಬಹುದು. ಸಾಧಾರಣ ಇರುತ್ತದೆ. ಪುದೀನ ಜಾಸ್ತಿ ಹಾಕಿ ಏಲಕ್ಕಿಯನ್ನು ಮರೆತುಬಿಡುತ್ತಾರೆ.

ರಾಜಾಸೀಟ್ ಹತ್ತಿರ ಮಾತ್ರ ಕುಡಿಯಲೇಬೇಡಿ. ಸೂರ್ಯಾಸ್ತಕ್ಕೆ ಜನ ಸೇರುವ ಜಾಗ, ಅಂಗಡಿಯವರಿಗೆ ಪುರುಸೊತ್ತಿಲ್ಲ ಅನ್ನುವುದು ಅರ್ಥವಾಗುತ್ತದೆ. ಆದರೆ ನಾನು ಒಂದು ಕಡೆ ಕಂಡದ್ದು ಪ್ಯಾಕೆಟ್ ಪುಡಿ, ಬಿಸಿನೀರು, ಮರದ ಕಡ್ಡಿಯಲ್ಲಿ ಕಲಸಿ ಕೊಡುವುದು. ಅದಕ್ಕೆ ಪೇಟೆಯ ಎರಡರಷ್ಟು ರೇಟು. ನಿಂಬೆಹಣ್ಣು ಬುಟ್ಟಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು, ಹಿಂಡಲಿಲ್ಲ. ಇದನ್ನು ಕುಡಿದು ಸುಲೈಮಾನಿ ಅಂದರೆ ಇಷ್ಟೇನಾ ಅಂತ ಹೋಗುವವರನ್ನು ನೆನೆದರೆ ಬೇಜಾರಾಗುತ್ತದೆ. ಒಂದು ಕಿಲೋಮೀಟರ್ ಆಚೆ ಅಷ್ಟು ಪ್ರೀತಿಯಿಂದ ಮಾಡುವವರು ಇದ್ದಾರೆ.

ನಡೆಯುವುದರ ಬಗ್ಗೆಯೂ ಸತ್ಯ ಹೇಳಬೇಕು. ಮಡಿಕೇರಿ ಏರು ಇಳಿತದ ಊರು, ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸಮತಟ್ಟಾದ ರಸ್ತೆ ಅನ್ನುವುದೇ ಕಡಿಮೆ. ಫುಟ್‌ಪಾತ್ ಕೆಲವು ಕಡೆ ಇದೆ, ಕೆಲವು ಕಡೆ ಅದರ ಮೇಲೆ ಬೈಕುಗಳಿವೆ, ಕೆಲವು ಕಡೆ ಇಲ್ಲವೇ ಇಲ್ಲ. ವೀಕೆಂಡಿನಲ್ಲಿ ಹೊರಗಿನ ಗಾಡಿಗಳು ತುಂಬಿ, ಪಾದಚಾರಿಗಳು ಚರಂಡಿ ಅಂಚಿನಲ್ಲಿ ಹೋಗಬೇಕಾಗುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಬರುವವರು ಗದ್ದುಗೆವರೆಗೆ ಆಟೋ ಮಾಡಿಕೊಳ್ಳಿ, ಅಲ್ಲಿಂದ ನಿಧಾನಕ್ಕೆ ಪೇಟೆ ಕಡೆ ನಡೆದು ಬನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡೆ ಸಾಲದು, ರೈನ್‌ಕೋಟೇ ಬೇಕು. ಆದರೆ ಸುಲೈಮಾನಿ ಅತ್ಯಂತ ರುಚಿಯಾಗಿರುವುದೂ ಆಗಲೇ.

ಇದೇ ಹುಚ್ಚು ಹಿಡಿದವರಿಗೆ ಇನ್ನೆರಡು ಊರು ಹೇಳುತ್ತೇನೆ. ವಿರಾಜಪೇಟೆ ಮಲಬಾರಿಗೆ ಇನ್ನೂ ಹತ್ತಿರ, ಅಲ್ಲಿ ಸುಲೈಮಾನಿ ಮಾಡದ ಹೋಟೆಲನ್ನು ಹುಡುಕಬೇಕು. ದೊಡ್ಡವೀರರಾಜೇಂದ್ರ ಕಟ್ಟಿಸಿದ ಪೇಟೆ ಅದು. ಟಿಪ್ಪುವಿನಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಅವನೇ ಜಾಗ ಕೊಟ್ಟದ್ದರಿಂದ ಸಂತ ಅನ್ನಮ್ಮ ಚರ್ಚ್ 1792ರಿಂದ ಅಲ್ಲಿದೆ. ಇನ್ನೊಂದು, ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ. ಅದು ಮೈಸೂರು ಜಿಲ್ಲೆಗೆ ಸೇರಿದ್ದು. 1960ರ ದಶಕದ ಶುರುವಿನಲ್ಲಿ ಟಿಬೆಟಿನವರು ಬಂದು ನೆಲೆಸಿದ ಜಾಗ, ಅವರ ಬೆಣ್ಣೆ ಟೀ ಉಪ್ಪುಪ್ಪಾಗಿ ಇರುತ್ತದೆ. ಟೀ ಅಂದುಕೊಂಡು ಬಾಯಿಗಿಟ್ಟರೆ ಗಾಬರಿ ಆಗುತ್ತದೆ, ತೆಳು ಸಾರು ಅಂದುಕೊಂಡು ಕುಡಿಯಿರಿ, ಇಷ್ಟ ಆಗುತ್ತದೆ. ಒಂದೇ ದಿನದಲ್ಲಿ ಮೂರನ್ನೂ ಮುಗಿಸಲು ಹೋಗಬೇಡಿ.

ಖರ್ಚು ಕೇಳುವವರಿಗೆ: ಪೇಟೆಯ ಹೋಟೆಲುಗಳಲ್ಲಿ ಗ್ಲಾಸಿಗೆ 10ರಿಂದ 20 ರೂಪಾಯಿ. ನಾಲ್ಕೈದು ಕಡೆ ಕುಡಿದು, ಪಳಂಪೊರಿ ತಿಂದರೂ ಕಾಫಿ ಟೂರಿನ ಟಿಕೆಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ಸಕ್ಕರೆ ಕಮ್ಮಿ ಬೇಕಾದರೆ ಮೊದಲೇ ಹೇಳಬೇಕು, ಪಾತ್ರೆಯಲ್ಲೇ ಹಾಕಿಬಿಡುತ್ತಾರೆ. ಗ್ಲಾಸ್ ಬೇಕು ಅಂತಲೂ ಮೊದಲೇ ಹೇಳಿ.

ಹೊತ್ತಿನ ವಿಷಯ ಮರೆಯಬೇಡಿ. ಶುಕ್ರವಾರ ಹನ್ನೆರಡೂವರೆ ಹೊತ್ತಿಗೆ ಜುಮ್ಮಾ ನಮಾಜಿಗೆ ಕಾಕಂದಿರು ಅಂಗಡಿ ಮುಚ್ಚಿ ಹೋಗುತ್ತಾರೆ, ತೆರೆಯುವುದು ಎರಡು ಗಂಟೆ ಸುಮಾರಿಗೆ. ರಂಜಾನ್ ತಿಂಗಳಲ್ಲಿ ಹಗಲು ತುಂಬಾ ಕಡೆ ಮುಚ್ಚಿರುತ್ತದೆ, ಸಂಜೆ ಮೇಲೆ ಬಂದರೆ ಸುಲೈಮಾನಿ ಜೊತೆ ಬೇರೆ ದಿನಗಳಲ್ಲಿ ಕಾಣದ ತಿಂಡಿಗಳೂ ಸಿಗುತ್ತವೆ. ಹಾಗಾಗಿ ಸಂತೆ ದಿನ ಬರುವವರು ಬೆಳಿಗ್ಗೆ ಒಂಬತ್ತೂವರೆಗೆ ಮಹದೇವಪೇಟೆಯಲ್ಲಿ ಶುರು ಮಾಡಿ, ಜುಮ್ಮಾ ಹೊತ್ತಿಗೆ ಗದ್ದುಗೆಯಲ್ಲಿರಿ, ಎರಡರ ಮೇಲೆ ಓಂಕಾರೇಶ್ವರದ ಕಡೆ ಇಳಿಯಿರಿ. ಅಕ್ಕನ ಕೈಗಾಡಿ ಸಂಜೆ ಐದರ ಮೇಲೆ ಇರುವುದಿಲ್ಲ.